ಆಯಿಲ್ ಮೀಟರ್ ಮುಳ್ಳು ಸೊನ್ನೆಗೆ ಬಂದರೆ ಎಂಜಿನ್ ಇಳಿಸಬೇಕಾ?

ಪ್ರಶ್ನೆ: ನನ್ನದು 2003ರ ಟಾಟಾ 1613, ಕಮಿನ್ಸ್ ಎಂಜಿನ್, 24 ವೋಲ್ಟ್ ಗಾಡಿ. ತಿಪಟೂರು ಕಡೆಯಿಂದ ಕಾಯಿ ಲೋಡ್ ಮಾಡಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಆಯಿಲ್ ಪ್ರೆಷರ್ ಮೀಟರ್ ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 4 ತೋರಿಸುತ್ತಿತ್ತು, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಂದೂವರೆಗೆ ನಿಲ್ಲುತ್ತಿತ್ತು. ಈಗ ಎರಡು ತಿಂಗಳಿಂದ ಬಿಸಿಯಾದರೆ ಐಡ್ಲಿಂಗ್‌ನಲ್ಲಿ ಸೊನ್ನೆಯ ಹತ್ತಿರ ಬರುತ್ತದೆ. ಗುಂಡಿಗೆ ಇಳಿದರೆ ಮುಳ್ಳು ಕುಣಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಇನ್ನೂ ಕೆಳಗೆ ಹೋಗುತ್ತದೆ, ಆಗ ಟೆಂಪರೇಚರ್ ಮುಳ್ಳೂ ಸ್ವಲ್ಪ ಸರಿಯುತ್ತದೆ. ಎಲೆಕ್ಟ್ರಿಷಿಯನ್ ಹೊಸ ಸೆನ್ಸರ್ ಹಾಕಿದರು. ಅವತ್ತಿನಿಂದ ಬೆಳಿಗ್ಗೆ ತಣ್ಣಗಿದ್ದಾಗಲೂ 2 ದಾಟುತ್ತಿಲ್ಲ. ಒಬ್ಬ ಮೇಸ್ತ್ರಿ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಲೇಬೇಕು ಅಂತಾರೆ. ಇನ್ನೊಬ್ಬರು ಮೀಟರ್ ಕೆಟ್ಟಿದೆ, ವೈರ್ ಕಿತ್ತು ಸುಮ್ನೆ ಓಡಿಸಿ ಅಂತಾರೆ. ಎಂಜಿನ್‌ನಲ್ಲಿ ಶಬ್ದ ಏನೂ ಇಲ್ಲ, ಆಯಿಲ್ ಲೈಟೂ ಹತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಬ್ಬರೂ ಪ್ರೆಷರ್ ಅಳೆದಿಲ್ಲ. ಮೀಟರ್ ನೋಡಿ ಒಬ್ಬರು ಹೆದರಿದ್ದಾರೆ, ಇನ್ನೊಬ್ಬರು ಮೀಟರ್ ಮೇಲೆ ತಪ್ಪು ಹಾಕಿದ್ದಾರೆ. ಎಂಜಿನ್ ಒಳಗೆ ನಿಜವಾಗಿ ಎಷ್ಟು ಪ್ರೆಷರ್ ಇದೆ ಅಂತ ಬೇರೆ ಗೇಜ್ ಹಾಕಿ ನೋಡುವವರೆಗೆ ಎಂಜಿನ್ ಬಿಚ್ಚಬೇಡಿ, ಲೋಡ್ ಹಾಕಿ ಘಾಟಿಯನ್ನೂ ಇಳಿಸಬೇಡಿ. ಆ ಪರೀಕ್ಷೆಗೆ ಅರ್ಧ ದಿನ ಸಾಕು.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೀವು ಗಮನಿಸಿ ಬರೆದಿರುವ ರೀತಿ ನನಗೆ ತುಂಬಾ ಇಷ್ಟವಾಯಿತು. ಹೆಚ್ಚಿನವರು "ಮೀಟರ್ ಸರಿ ಇಲ್ಲ" ಅಂತ ಮಾತ್ರ ಹೇಳುತ್ತಾರೆ. ನೀವು ಹೆಡ್‌ಲೈಟಿನ ವಿಷಯ ಹೇಳಿದಿರಿ, ಟೆಂಪರೇಚರ್ ಮುಳ್ಳಿನ ವಿಷಯ ಹೇಳಿದಿರಿ, ಸೆನ್ಸರ್ ಬದಲಿಸಿದ ದಿನವೇ ಬೆಳಗಿನ ಅಳತೆ ಅರ್ಧಕ್ಕೆ ಇಳಿಯಿತು ಅಂದಿರಿ. ಈ ಮೂರನ್ನೂ ಹಿಡಿದುಕೊಂಡು ಹೋಗೋಣ.

ಮೊದಲು ಪ್ರೆಷರ್ ಅಂದರೆ ಏನು ಅಂತ ಎರಡು ಮಾತು. ಆಯಿಲ್ ಪಂಪ್ ಮಾಡುವುದು ಆಯಿಲ್ ತಳ್ಳುವ ಕೆಲಸ ಅಷ್ಟೇ. ತಳ್ಳಿದ ಆಯಿಲ್‌ಗೆ ದಾರಿ ಇಕ್ಕಟ್ಟಾಗಿದ್ದರೆ ಪ್ರೆಷರ್ ಹುಟ್ಟುತ್ತದೆ. ನಿಮ್ಮ ತೋಟದ ಡ್ರಿಪ್ ಪೈಪನ್ನು ಅಳಿಲು ಕಡಿದು ತೂತು ಮಾಡಿದರೆ ಏನಾಗುತ್ತದೆ? ಮೋಟಾರ್ ಅದೇ, ನೀರೂ ಅಷ್ಟೇ, ಆದರೆ ಕೊನೆಯ ಸಾಲಿನ ಗಿಡಕ್ಕೆ ನೀರು ಹೋಗುವುದಿಲ್ಲ. ಬೇರಿಂಗ್ ಸವೆದ ಎಂಜಿನ್ನೂ ಹಾಗೇ. ಬೇರಿಂಗಿಗೂ ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ನಡುವಿನ ಸಂದು ದೊಡ್ಡದಾದಷ್ಟೂ ಆಯಿಲ್ ಬೇಗ ಜಾರಿ ಹೋಗುತ್ತದೆ. ಆಯಿಲ್ ಬಿಸಿಯಾಗಿ ತೆಳ್ಳಗಾದರೂ ಅದೇ ಆಗುತ್ತದೆ. ಅದಕ್ಕೇ ಬೆಳಿಗ್ಗೆ 4 ಇದ್ದದ್ದು ಬಿಸಿಯಲ್ಲಿ ಐಡ್ಲಿಂಗ್‌ಗೆ ಒಂದೂವರೆ ಆಗುವುದು ಸಹಜ. ಅದು ಕಾಯಿಲೆ ಅಲ್ಲ.

ನಿಮ್ಮ ಎಂಜಿನ್ ಕಮಿನ್ಸ್ 6ಬಿಟಿ ಸಾಲಿನದು, 5.9 ಲೀಟರ್. ಈ ಎಂಜಿನ್‌ಗೆ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 0.7 ಕೆಜಿ ಒತ್ತಡ ಇರಬೇಕು. ಪೂರ್ತಿ ರೇಸ್‌ನಲ್ಲಿ, 2500 ಆರ್‌ಪಿಎಂ ಸುತ್ತಮುತ್ತ, ಕನಿಷ್ಠ 30 ಪಿಎಸ್ಐ, ಅಂದರೆ ಸುಮಾರು 2.1 ಕೆಜಿ ಬೇಕು. ಇದು ಕಂಪನಿ ಹೇಳುವ ಕನಿಷ್ಠ, ಒಳ್ಳೆಯ ಎಂಜಿನ್ ಇದಕ್ಕಿಂತ ಮೇಲೇ ಇರುತ್ತದೆ. ಕೆಲವು ಮೀಟರ್‌ಗಳಲ್ಲಿ ಬಾರ್ ಅಂತ ಬರೆದಿರುತ್ತದೆ. ಬಾರ್‌ಗೂ ಕೆಜಿಗೂ ವ್ಯತ್ಯಾಸ ಬಹಳ ಕಡಿಮೆ, ಒಂದೇ ಅಂದುಕೊಂಡರೂ ನಮ್ಮ ಕೆಲಸಕ್ಕೆ ತೊಂದರೆ ಇಲ್ಲ. ನಿಮ್ಮ ಹಳೆಯ ಒಂದೂವರೆ ಒಳ್ಳೆಯ ಅಳತೆಯೇ ಆಗಿತ್ತು.

ಈಗ ಸೆನ್ಸರ್ ವಿಷಯ. ಎಂಜಿನ್ ಅದೇ, ಆಯಿಲ್ ಅದೇ. ಸೆನ್ಸರ್ ಬದಲಿಸಿದ ದಿನವೇ ತಣ್ಣಗಿದ್ದಾಗಿನ 4 ಹೋಗಿ 2 ಬಂತು. ಬೇರಿಂಗ್ ಒಂದು ಮಧ್ಯಾಹ್ನದಲ್ಲಿ ಅರ್ಧ ಸವೆಯುವುದಿಲ್ಲ ಅಲ್ವಾ? ನನಗೆ ಗಟ್ಟಿಯಾಗಿ ಅನ್ನಿಸುವುದು, ಹಾಕಿದ ಸೆನ್ಸರ್ ನಿಮ್ಮ ಮೀಟರ್‌ಗೆ ಜೋಡಿ ಅಲ್ಲ. ಇದು ತುಂಬಾ ಸಲ ಆಗುವ ತಪ್ಪು. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಥ್ರೆಡ್ ಕೂಡ ಒಂದೇ ಇರಬಹುದು.

ಸೆನ್ಸರ್ ಒಳಗೆ ತೆಳುವಾದ ಒಂದು ತಗಡು ಇರುತ್ತದೆ. ಆಯಿಲ್ ಅದನ್ನು ಒತ್ತಿದ ಹಾಗೆ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಬದಲಾಗುತ್ತದೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಮೀಟರ್‌ಗೆ ಗೊತ್ತಾಗುವುದು ಆ ಓಮ್ ಮಾತ್ರ, ಪ್ರೆಷರ್ ಅಂದರೆ ಏನೆಂದು ಅದಕ್ಕೆ ಗೊತ್ತಿಲ್ಲ. ವಿಡಿಒ ಅನ್ನುವ ಕಂಪನಿಯ ಮಾದರಿಯ ಸೆನ್ಸರ್‌ನಲ್ಲಿ ಪ್ರೆಷರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಅಳತೆಗೆ ಸುಮಾರು 180 ಓಮ್. ಇದರಲ್ಲಿ 5 ಬಾರ್‌ನದು ಬೇರೆ, 10 ಬಾರ್‌ನದು ಬೇರೆ. 5 ಬಾರ್ ಸೆನ್ಸರ್ 2 ಬಾರ್‌ಗೆ ಸುಮಾರು 82 ಓಮ್ ಕೊಡುತ್ತದೆ. 10 ಬಾರ್ ಸೆನ್ಸರ್ ಹೆಚ್ಚುಕಡಿಮೆ ಅಷ್ಟೇ ಓಮ್ ಕೊಡುವುದು 4 ಬಾರ್‌ಗೆ. ಈಗ ನೋಡಿ, 5ರವರೆಗೆ ಅಂಕಿ ಇರುವ ಮೀಟರ್‌ಗೆ 10 ಬಾರ್ ಸೆನ್ಸರ್ ಕಟ್ಟಿದರೆ ಎಂಜಿನ್‌ನಲ್ಲಿ 4 ಇದ್ದಾಗ ಮುಳ್ಳು 2ಕ್ಕೆ ನಿಲ್ಲುತ್ತದೆ. ನಿಮಗೆ ಆಗಿರುವುದು ಇದೇ ಲೆಕ್ಕ. ಸೆನ್ಸರ್‌ನ ಮೈ ಮೇಲೆ ಅಥವಾ ಷಟ್ಕೋನದ ಪಕ್ಕದಲ್ಲಿ ಅಂಕಿ ಒತ್ತಿರುತ್ತಾರೆ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಿಡಿದು ಓದಿ. ಮೀಟರ್ ಮುಖದ ಮೇಲಿನ ಕೊನೆಯ ಅಂಕಿಯ ಜೊತೆ ಹೋಲಿಸಿ. ಹಳೇ ಸೆನ್ಸರ್ ಬಿಸಾಡಿಲ್ಲ ಅಂದುಕೊಂಡಿದ್ದೇನೆ, ಅದರ ಅಂಕಿಯನ್ನೂ ನೋಡಿ.

ಇನ್ನೊಂದು ಮಾತು, ಇದು ಇನ್ನೂ ಮುಖ್ಯ. ಆಯಿಲ್ ಲೈಟ್ ಹತ್ತಿಲ್ಲ ಅಂತ ನೀವು ಸಮಾಧಾನ ಮಾಡಿಕೊಂಡಿದ್ದೀರಿ. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಆಗ ಆ ಲೈಟ್ ಹತ್ತಲೇಬೇಕು. ಹತ್ತುತ್ತಾ? ಕೆಲವು ಸೆನ್ಸರ್‌ಗಳಿಗೆ ಎರಡು ಟರ್ಮಿನಲ್ ಇರುತ್ತವೆ, ಒಂದು ಮೀಟರ್‌ಗೆ, ಇನ್ನೊಂದು ಲೈಟ್‌ಗೆ. ವಿಡಿಒ ಸೆನ್ಸರ್‌ನಲ್ಲಿ ಮೀಟರಿನದಕ್ಕೆ ಜಿ, ಲೈಟಿನದಕ್ಕೆ ಡಬ್ಲ್ಯೂಕೆ ಅಂತ ಗುರುತು ಇರುತ್ತದೆ. ಹಳೆಯದು ಎರಡು ಟರ್ಮಿನಲ್‌ನದಾಗಿದ್ದು ಹೊಸದಕ್ಕೆ ಒಂದೇ ಇದ್ದರೆ ಲೈಟಿನ ವೈರ್ ಎಲ್ಲೋ ನೇತಾಡುತ್ತಿರುತ್ತದೆ. ಹಾಗಾಗಿದ್ದರೆ ಆಯಿಲ್ ಪೂರ್ತಿ ಖಾಲಿಯಾದರೂ ನಿಮ್ಮ ಲೈಟ್ ಹತ್ತುವುದಿಲ್ಲ. ಕೀ ಆನ್‌ನಲ್ಲಿ ಲೈಟ್ ಹತ್ತದಿದ್ದರೆ ಬಲ್ಬ್ ನೋಡಿ, ಆ ವೈರ್ ಹುಡುಕಿ. ಅದು ಸರಿಯಾಗುವವರೆಗೆ "ಲೈಟ್ ಹತ್ತಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ.

ಸೆನ್ಸರ್ ಒಂದೇ ತಪ್ಪಲ್ಲ. ಅದನ್ನು ಬದಲಿಸುವ ಮೊದಲೇ ತೊಂದರೆ ಶುರುವಾಗಿತ್ತು, ಹೆಡ್‌ಲೈಟ್ ಹಾಕಿದರೆ ಮುಳ್ಳು ಇಳಿಯುತ್ತಿತ್ತು. ಆಯಿಲ್ ಪಂಪ್‌ಗೂ ಹೆಡ್‌ಲೈಟ್‌ಗೂ ಯಾವ ನಂಟೂ ಇಲ್ಲ. ಜೊತೆಗೆ ಟೆಂಪರೇಚರ್ ಮುಳ್ಳೂ ಸರಿಯುತ್ತದೆ ಅಂದರೆ ಎರಡೂ ಮೀಟರಿಗೆ ಸೇರಿದ ದಾರಿಯಲ್ಲೇ ತೊಂದರೆ. ಡ್ಯಾಶ್‌ಬೋರ್ಡಿಗೆ ಬರುವ ಸಪ್ಲೈ ಅಥವಾ ಡ್ಯಾಶ್‌ಬೋರ್ಡಿನ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ನಾನು ಮೊದಲು ಅರ್ಥ್ ನೋಡುತ್ತೇನೆ. ಮಂಗಳೂರಿಗೆ ಓಡುವ ಗಾಡಿ ಅಂದಮೇಲೆ ಕರಾವಳಿಯ ಉಪ್ಪುಗಾಳಿ, ಮಳೆ ಎರಡೂ ತಿಂದಿರುತ್ತವೆ. ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ಆದರೆ ವೈರ್ ತುದಿಯ ಲೋಹದ ಬಳೆ, ಅಂದರೆ ಲಗ್‌ನ ಅಡಿಯಲ್ಲಿ ತುಕ್ಕಿನ ಪದರ ಕೂತಿರುತ್ತದೆ.

ಇದನ್ನು ಹಿಡಿಯಲು ಒಂದು ಮಲ್ಟಿಮೀಟರ್, ಒಂದು ಉದ್ದ ವೈರ್ ಸಾಕು. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಮೀಟರ್ ಹಿಂದಿನ ಅರ್ಥ್ ಟರ್ಮಿನಲ್‌ಗೆ ಹಿಡಿಯಿರಿ. ಉದ್ದ ವೈರ್ ಬೇಕಾಗುವುದು ಇಲ್ಲಿಗೇ, ಬ್ಯಾಟರಿ ಬಾಕ್ಸ್ ಚಾಸಿಸ್ ಪಕ್ಕ ಇರುತ್ತದಲ್ಲ. ಅರ್ಥ್ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಅಂತ ಬಂದರೆ ಕಳ್ಳ ಸಿಕ್ಕಿದ. ಆಮೇಲೆ ಅದೇ ಉದ್ದ ವೈರನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಮೀಟರಿನ ಅರ್ಥ್‌ಗೆ ತಗುಲಿಸಿ ನೋಡಿ. ಹೆಡ್‌ಲೈಟ್ ಹಾಕಿ ಆರಿಸಿದರೂ ಮುಳ್ಳು ಅಲ್ಲಾಡದೆ ನಿಂತರೆ ಡ್ಯಾಶ್‌ಬೋರ್ಡ್ ಅರ್ಥ್ ಬಿಚ್ಚಿ, ಲಗ್, ಬೋಲ್ಟ್, ತಗಡು ಮೂರನ್ನೂ ಎಮರಿ ಪೇಪರ್‌ನಲ್ಲಿ ಹೊಳೆಯುವ ಹಾಗೆ ಉಜ್ಜಿ ಮತ್ತೆ ಬಿಗಿಯಿರಿ. ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ.

ಎಂಜಿನ್‌ನಿಂದ ಚಾಸಿಸ್‌ಗೆ ಬರುವ ಅರ್ಥ್ ಪಟ್ಟಿಯನ್ನೂ ಹಾಗೇ ನೋಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಹಾಗಾಗಿ ಅದರ ಅರ್ಥ್ ಆ ಪಟ್ಟಿಯ ಮೂಲಕವೇ ಬರಬೇಕು. ಸೆನ್ಸರ್‌ಗೆ ಬೇರೆ ಅರ್ಥ್ ವೈರ್ ಇಲ್ಲ, ಅದರ ಥ್ರೆಡ್ಡೇ ಅರ್ಥ್. ಇಲ್ಲಿ ಒಂದು ಅಪಾಯ ಇದೆ. 10ರಿಂದ 180 ಓಮ್ ಮಾದರಿಯಲ್ಲಿ ಎಂಜಿನ್ ಅರ್ಥ್ ಕೆಟ್ಟರೆ ಓಮ್ ಜಾಸ್ತಿಯಾಗಿ ಮೀಟರ್ ಇರುವುದಕ್ಕಿಂತ ಜಾಸ್ತಿ ಪ್ರೆಷರ್ ತೋರಿಸುತ್ತದೆ. ನಿಜವಾದ ಪ್ರೆಷರ್ ಬಿದ್ದಿದ್ದರೂ ಮುಳ್ಳು ಚೆನ್ನಾಗಿ ನಿಂತಿರುತ್ತದೆ. ಸೆನ್ಸರ್ ಥ್ರೆಡ್‌ಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೂ ಹೀಗೇ ಆಗಬಹುದು. ನಿಮ್ಮ ಎಲೆಕ್ಟ್ರಿಷಿಯನ್ ಟೇಪ್ ಸುತ್ತಿದ್ದಾರಾ ನೋಡಿ. ಸುತ್ತಿದ್ದರೆ ತೆಗೆಸಿ, ತಾಮ್ರದ ವಾಷರ್ ಹಾಕಿಸಿ.

ಗುಂಡಿಗೆ ಇಳಿದಾಗ ಮುಳ್ಳು ಕುಣಿಯುವುದು ಕೂಡ ವೈರಿನ ಕಡೆಗೇ ಬೆರಳು ತೋರಿಸುತ್ತದೆ. ಪ್ರೆಷರ್ ಹೀಗೆ ಕ್ಷಣಕ್ಕೊಮ್ಮೆ ಎಗರುವುದಿಲ್ಲ, ರೇಸ್ ಏರಿದ ಹಾಗೆ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ. ಆದರೆ ಬ್ರೇಕ್ ಹಿಡಿದಾಗ, ಘಾಟಿಯ ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ಮುಳ್ಳು ಬಿದ್ದು ಮತ್ತೆ ಏಳುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಚೇಂಬರಿನಲ್ಲಿ ಆಯಿಲ್ ಕಡಿಮೆ ಇದ್ದರೆ ಅದು ಒಂದು ಕಡೆ ಸರಿದು ಪಂಪಿನ ಜಾಲರಿ ಗಾಳಿ ಎಳೆಯುತ್ತದೆ. ಅದು ನಿಜವಾದ ಪ್ರೆಷರ್ ಬೀಳುವುದು. ಶಿರಾಡಿ ಇಳಿಯುವಾಗ ಮುಳ್ಳು ಯಾವಾಗ ಬೀಳುತ್ತದೆ, ಗುಂಡಿಗಾ ಬ್ರೇಕಿಗಾ ಅಂತ ನೆನಪು ಮಾಡಿಕೊಳ್ಳಿ.

ಮೀಟರ್ ಮತ್ತು ವೈರ್ ಸರಿ ಇದೆಯಾ ಅಂತ ನೋಡಲು ಬಾನೆಟ್ ಎತ್ತಿ ಸೆನ್ಸರಿನ ವೈರ್ ತೆಗೆಯಿರಿ. ಕೀ ಆನ್, ಎಂಜಿನ್ ಆಫ್. ವಿಡಿಒ ಮಾದರಿಯಾದರೆ ವೈರ್ ಬಿಟ್ಟಾಗ ಮುಳ್ಳು ಮೇಲಿನ ತುದಿಗೆ ಹೋಗಬೇಕು, ಎಂಜಿನ್ ಕಬ್ಬಿಣಕ್ಕೆ ಒಂದೆರಡು ಸೆಕೆಂಡ್ ಮುಟ್ಟಿಸಿದಾಗ ಸೊನ್ನೆಗೆ ಬರಬೇಕು. ಸೊನ್ನೆಗೆ ಸುಮಾರು 240 ಓಮ್, ಪೂರ್ತಿಗೆ 33 ಓಮ್ ಇರುವ ಇನ್ನೊಂದು ಮಾದರಿಯೂ ಇದೆ. ಅದರಲ್ಲಿ ಎಲ್ಲ ಉಲ್ಟಾ. ಯಾವುದೋ ಯೂಟ್ಯೂಬ್ ವಿಡಿಯೊ ನೋಡಿ "ಅರ್ಥ್ ಮಾಡಿದರೆ ಮುಳ್ಳು ಮೇಲೆ ಹೋಗಬೇಕು, ಹೋಗಲಿಲ್ಲ, ಮೀಟರ್ ಹೋಗಿದೆ" ಅಂತ ಒಳ್ಳೆಯ ಮೀಟರ್ ಬಿಸಾಡಿದವರನ್ನು ನಾನು ಕಂಡಿದ್ದೇನೆ. ನಿಮ್ಮದು ಯಾವುದು ಅಂತ ತಿಳಿಯಲು ಎಂಜಿನ್ ನಿಂತಿರುವಾಗ ಸೆನ್ಸರ್ ಟರ್ಮಿನಲ್‌ಗೂ ಎಂಜಿನ್‌ಗೂ ನಡುವೆ ಓಮ್ ಅಳೆಯಿರಿ. 10ರ ಹತ್ತಿರ ಬಂದರೆ ಮೊದಲನೆಯದು, 240ರ ಹತ್ತಿರ ಬಂದರೆ ಎರಡನೆಯದು. ಆ ವೈರ್ ಅಪ್ಪಿತಪ್ಪಿಯೂ ಬ್ಯಾಟರಿ ಪಾಸಿಟಿವ್‌ಗೆ ತಗುಲಬಾರದು.

ವೈರ್ ಬಿಟ್ಟರೂ ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೆ ದಾರಿಯಲ್ಲಿ ಎಲ್ಲೋ ವೈರಿನ ಮೇಲಿನ ರಬ್ಬರ್ ಸುಲಿದು ಕಬ್ಬಿಣಕ್ಕೆ ತಾಗುತ್ತಿರಬಹುದು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ, ಎಕ್ಸಾಸ್ಟ್ ಪೈಪ್ ಹತ್ತಿರ ಹಾದು ಹೋಗುವ ಜಾಗ ಮೊದಲು ನೋಡಿ. ಬಿಸಿಯಾದ ಮೇಲೆ ಮಾತ್ರ ತೊಂದರೆ ಕೊಡುವ ವೈರ್‌ಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ.

ಇನ್ನೂ ನಿಖರವಾಗಿ ನೋಡಬೇಕಾ? ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 82 ಓಮ್‌ನ ಒಂದು ವ್ಯಾಟ್ ರೆಸಿಸ್ಟರ್ ಕೇಳಿ. ಕೆಲವೇ ರೂಪಾಯಿಯ ವಸ್ತು. ಸೆನ್ಸರ್ ಬದಲು ಆ ವೈರಿಗೂ ಎಂಜಿನ್‌ಗೂ ನಡುವೆ ಅದನ್ನು ಹಿಡಿಯಿರಿ. 5 ಬಾರ್‌ನ ವಿಡಿಒ ಮಾದರಿ ಮೀಟರ್ ಆದರೆ ಮುಳ್ಳು 2ರ ಆಸುಪಾಸಿಗೆ ಬಂದು ಅಲ್ಲಾಡದೆ ನಿಲ್ಲಬೇಕು. ನಿಂತರೆ ಮೀಟರ್, ವೈರ್ ಎರಡೂ ಚೆನ್ನಾಗಿವೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಎಂಜಿನ್ ಆರೋಗ್ಯವಾಗಿದೆ ಅಂತ ನಾನು ಹೇಳಲಾರೆ. ವೈರಿಂಗ್ ಕೆಟ್ಟಿದೆ ಅಂದ ಮಾತ್ರಕ್ಕೆ ಪ್ರೆಷರ್ ಚೆನ್ನಾಗಿರಬೇಕು ಅಂತೇನಿಲ್ಲ, ಎರಡೂ ಒಟ್ಟಿಗೆ ಕೆಡಬಹುದು. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಲಾರಿ ಕಟ್ಟಿ ಎಳೆದುಕೊಂಡು ಬಂದರು. ಮೀಟರ್ ಸೊನ್ನೆ ತೋರಿಸುತ್ತಿತ್ತಂತೆ, ಮೀಟರ್ ಕೆಟ್ಟಿದೆ ಅಂತ ಯಾರೋ ವೈರ್ ಕಿತ್ತಿದ್ದರು. ಡ್ರೈವರ್ ನಂಬಿ ಓಡಿಸಿದ್ದ. ಚೇಂಬರ್ ಬಿಚ್ಚಿದಾಗ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿತ್ತು, ಕ್ರ್ಯಾಂಕ್ ಸುಟ್ಟು ನೀಲಿಯಾಗಿತ್ತು. ಆಯಿಲ್‌ಗೆ ಡೀಸೆಲ್ ಸೇರಿತ್ತು. ಆ ನೀಲಿ ಬಣ್ಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಪ್ರೆಷರ್ ಬೇರೆ ಗೇಜಿನಲ್ಲಿ ನೋಡದೆ ಯಾವ ಗಾಡಿಯನ್ನೂ ನಾನು ಕಳಿಸಿಲ್ಲ.

ಹಾಗಾಗಿ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಇದರಲ್ಲಿ ಕರೆಂಟ್ ಇಲ್ಲ, ಅರ್ಥ್ ಇಲ್ಲ. ಒಳಗೆ ಬಾಗಿದ ಒಂದು ಹಿತ್ತಾಳೆ ಕೊಳವೆ ಇರುತ್ತದೆ, ಆಯಿಲ್ ಒಳಗೆ ನುಗ್ಗಿದರೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ, ಪಂಚರ್ ಅಂಗಡಿಯ ಗಾಳಿ ಮೀಟರಿನಲ್ಲೂ ಇದೇ ಇರುತ್ತದೆ. ಸೆನ್ಸರ್ ಬಿಚ್ಚಿ ಆ ತೂತಿಗೇ ಗೇಜಿನ ಹೋಸ್ ಕಟ್ಟಬೇಕು. ಥ್ರೆಡ್ ಹೊಂದುವ ಅಡಾಪ್ಟರ್ ಬೇಕು, ಸೆನ್ಸರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಹೊಂದಿಸಿ. ಹೋಸ್ ಟರ್ಬೊ, ಎಕ್ಸಾಸ್ಟ್‌ಗೆ ತಾಗದ ಹಾಗೆ ಕಟ್ಟಿ. ಬಿಸಿ ಆಯಿಲ್ ಅಲ್ಲಿ ಚಿಮ್ಮಿದರೆ ಬೆಂಕಿ ಹತ್ತುತ್ತದೆ.

ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಒಂದು ಸಲ ಬರೆದುಕೊಳ್ಳಿ. ಇಲ್ಲೇ ಕಡಿಮೆ ಇದ್ದರೆ ಮುಂದೆ ಓಡಿಸದೆ ನಿಲ್ಲಿಸಿಬಿಡಿ. ಚೆನ್ನಾಗಿದ್ದರೆ ಖಾಲಿ ಗಾಡಿಯಲ್ಲಿ ಊರಿನ ಹತ್ತಿರವೇ ಮುಕ್ಕಾಲು ಗಂಟೆ ಓಡಿಸಿ ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, ಪೂರ್ತಿ ರೇಸ್‌ನಲ್ಲಿ ಎಷ್ಟು ಅಂತ ಬರೆಯಿರಿ. ನೀರು ಬಿಸಿಯಾದ ತಕ್ಷಣ ನೋಡಿದರೆ ಸಾಲದು, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಹಿಡಿಯುತ್ತದೆ. ಬಿಸಿಯಲ್ಲಿ ಐಡ್ಲಿಂಗ್‌ಗೆ 1ರ ಮೇಲೆ, ರೇಸ್‌ಗೆ 3ರ ಆಸುಪಾಸು ಬಂದರೆ ಎಂಜಿನ್ ಇಳಿಸುವ ಮಾತನ್ನು ಬಿಟ್ಟುಬಿಡಿ. ಸರಿಯಾದ ಸೆನ್ಸರ್ ಹಾಕಿಸಿ, ಅರ್ಥ್ ಸರಿ ಮಾಡಿಸಿ, ಲೋಡ್ ತುಂಬಿಸಿ.

0.7ಕ್ಕಿಂತ ಕೆಳಗೆ ಬಂದರೆ ಗಾಡಿ ನಿಲ್ಲಿಸಿ. ಮೊದಲು ಹೋಗುವುದು ಟರ್ಬೊ. ಅದು ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುವಂಥದ್ದು, ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆದರೆ ಆಗಲೂ ನೇರವಾಗಿ ಎಂಜಿನ್ ಕೆಳಗಿಳಿಸಬೇಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ. ಹಾಕದೇ ಇದ್ದರೂ ಮಟ್ಟ ಏರಿದ್ದರೆ ಡೀಸೆಲ್ ಸೇರುತ್ತಿರಬಹುದು. ಮೂಗಿಗೆ ಹಿಡಿದು ವಾಸನೆ ನೋಡಿ, ಒಂದು ಹನಿ ಪೇಪರ್ ಮೇಲೆ ಬಿಡಿ. ಕಪ್ಪು ಚುಕ್ಕೆಯ ಸುತ್ತ ತೆಳ್ಳನೆಯ ಉಂಗುರ ಬೇಗ ಬೇಗ ಹರಡಿದರೆ ಡೀಸೆಲ್ ಅನುಮಾನ ಗಟ್ಟಿ. ಈ ಎಂಜಿನ್‌ನಲ್ಲಿ ಡೀಸೆಲ್ ಎಳೆಯುವ ಲಿಫ್ಟ್ ಪಂಪ್ ಕ್ಯಾಮ್‌ಶಾಫ್ಟ್‌ನಿಂದ ನಡೆಯುತ್ತದೆ, ಅದರ ಒಳಗೆ ಲೀಕ್ ಆದರೆ ಡೀಸೆಲ್ ಸೀದಾ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಆಯಿಲ್‌ನಲ್ಲೇ ಓಡುವ ಡೀಸೆಲ್ ಪಂಪಿನ ಸೀಲ್ ಹೋದರೂ ಅದೇ ಕಥೆ. ಆಗ ಪಂಪ್ ಸರಿ ಮಾಡಿಸಿ, ಆಯಿಲ್, ಫಿಲ್ಟರ್ ಬದಲಿಸಿ, ಮತ್ತೆ ಅಳೆಯಿರಿ. 15ಡಬ್ಲ್ಯೂ-40 ಗ್ರೇಡಿನ ಒಳ್ಳೆಯ ಡೀಸೆಲ್ ಎಂಜಿನ್ ಆಯಿಲ್ ಹಾಕಿ. ಪ್ರೆಷರ್ ಏರಲಿ ಅಂತ ದಪ್ಪ ಆಯಿಲ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಮುಳ್ಳು ಏರುತ್ತದೆ ನಿಜ, ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟರ್ಬೊಗೆ ಆಯಿಲ್ ತಲುಪುವುದು ತಡವಾಗುತ್ತದೆ.

ಆಮೇಲೆ ಪ್ರೆಷರ್ ರೆಗ್ಯುಲೇಟರ್ ವಾಲ್ವ್. ಇದು ಫಿಲ್ಟರ್ ಕೂರುವ ಹೌಸಿಂಗ್‌ನಲ್ಲೇ ಇದೆ, ಹೊರಗಿನಿಂದ ಪ್ಲಗ್ ಬಿಚ್ಚಿದರೆ ಸ್ಪ್ರಿಂಗ್, ವಾಲ್ವ್ ಕೈಗೆ ಬರುತ್ತವೆ. ಕಸ ಸಿಕ್ಕಿ ತೆರೆದುಕೊಂಡೇ ನಿಂತಿದ್ದರೆ ಆಯಿಲ್ ಬೇರಿಂಗಿಗೆ ಹೋಗದೆ ವಾಪಸ್ ಚೇಂಬರಿಗೆ ಹರಿಯುತ್ತದೆ. ತೊಳೆದು, ಸರಾಗವಾಗಿ ಜಾರುತ್ತದಾ ನೋಡಿ ಹಾಕಿ. ಅದೂ ಸರಿ ಇದ್ದರೆ ಚೇಂಬರ್ ಬಿಚ್ಚಿಸಿ. ಎಂಜಿನ್ ಗಾಡಿಯಲ್ಲೇ ಇರಲಿ. ಜಾಲರಿಗೆ ಕೆಸರು ಕಟ್ಟಿದೆಯಾ ನೋಡಿ, ಕನೆಕ್ಟಿಂಗ್ ರಾಡಿನ ಒಂದೆರಡು ಕ್ಯಾಪ್, ಮೇನ್ ಬೇರಿಂಗಿನ ಒಂದು ಕ್ಯಾಪ್ ತೆಗೆಸಿ ಬೇರಿಂಗನ್ನು ನಿಮ್ಮ ಕಣ್ಣಾರೆ ನೋಡಿ. ಮಾಸಲು ಬೂದು ಬಣ್ಣದಲ್ಲಿ ಸಮವಾಗಿದ್ದರೆ ಬೇರಿಂಗ್ ಬದುಕಿದೆ. ತಾಮ್ರದ ಬಣ್ಣ ಕಾಣುತ್ತಿದ್ದರೆ, ಗೆರೆ ಬಿದ್ದಿದ್ದರೆ ನಿಮ್ಮ ಮೊದಲ ಮೇಸ್ತ್ರಿ ಹೇಳಿದ್ದು ನಿಜ, ಎಂಜಿನ್ ಇಳಿಸುವ ಕೆಲಸ ಬಂದಿದೆ.

ನೀವು ಶಬ್ದ ಇಲ್ಲ ಅಂದಿದ್ದೀರಿ, ಮುಳ್ಳಿನ ನಡವಳಿಕೆ ಪೂರ್ತಿ ವೈರಿಂಗಿನ ಥರ ಇದೆ. ನನ್ನ ಅಂದಾಜಿನಲ್ಲಿ ಡ್ಯಾಶ್‌ಬೋರ್ಡಿನ ಅರ್ಥ್ ಒಂದು, ಅಳತೆ ತಪ್ಪಿದ ಸೆನ್ಸರ್ ಇನ್ನೊಂದು. ಗೇಜ್ ಹಾಕಿಸಿದ ದಿನ ಮೂರು ಅಂಕಿ ಬರೆದು ಕಳಿಸಿ: ತಣ್ಣಗಿದ್ದಾಗಿನದು, ಬಿಸಿಯಲ್ಲಿ ಐಡ್ಲಿಂಗ್‌ನದು, ಬಿಸಿಯಲ್ಲಿ ಪೂರ್ತಿ ರೇಸಿನದು. ಸೆನ್ಸರ್ ಮೇಲೆ ಒತ್ತಿರುವ ಅಂಕಿಯ ಫೋಟೊ ಕೂಡ ಇರಲಿ.